ಮೂರು ವೈಪರಿನ ಕಾರು

ಓಣಂ ರಜೆ ಮುಗಿದು ಶಾಲೆ ತೆರೆದ ವಾರ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಪಾಠ ಮುಗಿದ ಮೇಲೆ ನನ್ನ ಹಿಂದೆಯೇ ಅಧ್ಯಾಪಕರ ಕೊಠಡಿಯ ತನಕ ಬಂದ. ಅವನ ಕೈಯಲ್ಲೊಂದು ಫೋಟೊ. ತಗ್ಗಾದ, ಎರಡೇ ಆಸನಗಳ, ಮೇಲೆ ಮಾಡಿಲ್ಲದ ಕೆಂಪು ಕಾರು. ಮುಂಭಾಗದಲ್ಲಿ ಎಂಟು ಮೂಲೆಯ ಬಿಲ್ಲೆ, ಅದರೊಳಗೆ ಎಂ.ಜಿ. ಎಂಬ ಎರಡಕ್ಷರ.

"ಮಾಷ್ಟ್ರೇ, ಇದು ಇಂಗ್ಲೆಂಡಿನ ಕಾರಂತೆ. ಇಂಗ್ಲೆಂಡಿನಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲಿ ಅಲ್ವಾ ಹೋಗುವುದು? ಮತ್ತೆ ಇದರ ಸ್ಟಿಯರಿಂಗ್ ಎಡಕ್ಕೆ ಯಾಕೆ? ಮೂರು ವೈಪರ್ ಯಾಕೆ?"

ಫೋಟೊ ಕಳಿಸಿದ್ದು ಅವನ ಸೋದರಮಾವ. ಅವರು ಕೊಲ್ಲಿ ನಾಡಿನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅಮೇರಿಕದಿಂದ ಹಡಗಿನಲ್ಲಿ ತರಿಸಿದ ಈ ಹಳೆಯ ಕಾರನ್ನು ಮೊದಲಿನ ರೂಪಕ್ಕೆ ತರಬೇಕೆಂದು ಯಜಮಾನ ಅವರಿಗೆ ಒಪ್ಪಿಸಿದ್ದಾನೆ. ಆದರೆ ಯಜಮಾನನ ಪರಿಚಯದವರೊಬ್ಬರು ಒಂದು ಸಂಶಯದ ಬೀಜ ಬಿತ್ತಿ ಹೋದರಂತೆ: "ಇದು ಅಸಲಿಯಲ್ಲ. ಇಂಗ್ಲೆಂಡಿನ ಕಾರಿಗೆ ಎರಡೇ ವೈಪರ್. ಡ್ಯಾಶ್‌ಬೋರ್ಡು ಲೋಹದ್ದು, ಸಾಮಾನಿಡುವ ಪೆಟ್ಟಿಗೆಯೂ ಇರುತ್ತದೆ. ಇದನ್ನು ಯಾರೋ ಕೆಡಿಸಿದ್ದಾರೆ. ಎಲ್ಲ ಕಿತ್ತು ತೆಗೆದು ಸರಿಯಾದದ್ದನ್ನು ಹಾಕಿಸಿ."

ಕೀಳುವ ಕೆಲಸ ಮಾವನ ಪಾಲಿನದು. ಅವರಿಗೆ ಮನಸ್ಸು ಒಪ್ಪಲಿಲ್ಲ. "ಕೆಲಸದ ಅಂದ ನೋಡಿದರೆ ಕಂಪೆನಿಯವರೇ ಮಾಡಿದ ಹಾಗಿದೆ. ನಿಮ್ಮ ಮಾಷ್ಟ್ರಿಗೆ ಏನಾದರೂ ಗೊತ್ತುಂಟಾ ಕೇಳು" ಎಂದು ಅಳಿಯನಿಗೆ ಹೇಳಿದ್ದರು. ನಾನು ಕಲಿಸುವುದು ಸಮಾಜ ಪಾಠ. ಕಾರು ಬಿಚ್ಚಿ ಗೊತ್ತಿಲ್ಲ. ಆದರೆ ಒಂದು ವಸ್ತು ಹುಟ್ಟಿದಾಗ ಹೇಗಿತ್ತು ಎಂದು ಹುಡುಕುವುದು ಚರಿತ್ರೆಯ ಕೆಲಸವೇ ತಾನೇ? ಆ ನೆಪದಲ್ಲಿ ಓದಿ, ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇನೆ. ಗ್ಯಾರೇಜಿನ ಕಸುಬಿನಲ್ಲಿ ಹೊರನಾಡಿಗೆ ಹೋದವರು ನಮ್ಮ ಮನೆಮನೆಗಳಲ್ಲಿ ಇರುವುದರಿಂದ ಇದು ಕೆಲವರಿಗಾದರೂ ಉಪಯೋಗಕ್ಕೆ ಬಂದೀತು.

ಹೊರನಾಡಿಗೆಂದೇ ಹುಟ್ಟಿದ ಕಾರು

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡಿನ ವಿಲಿಯಂ ಮಾರಿಸ್ ಅವರ ಮಾರಾಟ ಮತ್ತು ದುರಸ್ತಿಯ ಸಂಸ್ಥೆ ಅದು. ಅಲ್ಲಿನ ಮೇನೇಜರ್ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಮಾರಿಸ್ ಕಾರುಗಳಿಗೆ ಹಗುರವಾದ, ಚೆಂದದ ಮೈ ಕಟ್ಟಿಸಿ ಮಾರಲು ತೊಡಗಿದರು. 1929ರಲ್ಲಿ ಆಕ್ಸ್‌ಫರ್ಡಿನ ಸಮೀಪದ ಆಬಿಂಗ್ಡನ್ ಎಂಬ ಊರಿಗೆ ಕಾರ್ಖಾನೆ ಹೋಯಿತು. ಇಂದು ನಮ್ಮ ರಸ್ತೆಗಳಲ್ಲಿ ಅದೇ ಎಂಟು ಮೂಲೆಯ ಬಿಲ್ಲೆ ಹೊತ್ತ ಕಾರುಗಳು ಓಡಾಡುತ್ತಿವೆ. ಆದರೆ ಹೆಸರು ಈಗ ಚೀನಾದ ಕಂಪೆನಿಯೊಂದರ ಕೈಯಲ್ಲಿದೆ. ಭಾರತದ ಎಂ.ಜಿ. ಕಾರುಗಳು 2019ರಿಂದ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತಿವೆ. ಹಳೆಯ ಆಬಿಂಗ್ಡನ್ ಕಾರ್ಖಾನೆ 1980ರಲ್ಲಿಯೇ ಮುಚ್ಚಿಹೋಯಿತು.

ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಸಾಲದಲ್ಲಿ ಮುಳುಗಿತ್ತು. ಡಾಲರ್ ತರುವ ಕಾರ್ಖಾನೆಗೆ ಉಕ್ಕು ಹಂಚುವಲ್ಲಿ ಮೊದಲ ಮಣೆ ಎಂದು ಸರಕಾರ ಗೊತ್ತುಮಾಡಿತು. ಉಕ್ಕು ಬೇಕಾದರೆ ಹೊರದೇಶಕ್ಕೆ ಮಾರಲೇಬೇಕು. ಹೀಗಾಗಿ ಆಬಿಂಗ್ಡನ್ನಿನ ಕಣ್ಣು ಅಮೇರಿಕದ ಮೇಲೆ ಬಿತ್ತು. 1945ರಿಂದ 1949ರ ತನಕ ತಯಾರಾದ ಟಿ.ಸಿ. ಎಂಬ ಮಾದರಿ ಸುಮಾರು 10,000. ಅದರಲ್ಲಿ ಸುಮಾರು 2,000 ಅಮೇರಿಕಕ್ಕೆ ಹೋಯಿತು. ಮುಂದಿನ ಟಿ.ಡಿ. ಸುಮಾರು 30,000 ಆಯಿತು, ಬಹುಪಾಲು ಅಮೇರಿಕಕ್ಕೆ. 1955ರಿಂದ 1962ರ ತನಕದ ಎಂ.ಜಿ.ಎ. ಒಂದು ಲಕ್ಷ ದಾಟಿತು, ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಕಡಲು ದಾಟಿದವು. 1962ರಿಂದ 1980ರ ತನಕದ ಎಂ.ಜಿ.ಬಿ. ಐದು ಲಕ್ಷಕ್ಕೂ ಹೆಚ್ಚು. ಫೋಟೊದ ಕೆಂಪು ಕಾರು ಈ ಎಂ.ಜಿ.ಬಿ. ಕುಲದ್ದು.

ಈ ಕುಲಕ್ಕೂ ನಮಗೂ ಒಂದು ನೆಂಟಸ್ತನ ಉಂಟು. ಕುಂಬಳೆ, ಬದಿಯಡ್ಕದಂಥ ಪೇಟೆಗಳ ಟ್ಯಾಕ್ಸಿ ನಿಲ್ದಾಣಗಳಲ್ಲಿ ಒಂದು ಕಾಲಕ್ಕೆ ಸಾಲುಗಟ್ಟಿ ನಿಂತಿರುತ್ತಿದ್ದ ಅಂಬಾಸಿಡರ್ ಕಾರನ್ನು ನೆನಪಿಸಿಕೊಳ್ಳಿ. ಅದರ 1489 ಸಿ.ಸಿ. ಪೆಟ್ರೋಲ್ ಇಂಜಿನು ಬ್ರಿಟನಿನ ಬಿ.ಎಂ.ಸಿ. ಕಂಪೆನಿಯ 'ಬಿ ಸೀರೀಸ್'. ಎಂ.ಜಿ.ಎ. ಮೊದಲು ಹೊರಬಂದಾಗ ಅದರಲ್ಲಿದ್ದುದೂ ಅದೇ ಜಾತಿಯ 1489 ಸಿ.ಸಿ. ಇಂಜಿನು. ಅದೇ ಬೆಳೆದು 1798 ಸಿ.ಸಿ. ಆಗಿ ಎಂ.ಜಿ.ಬಿ.ಯಲ್ಲಿ ಕೂತಿತು. 2014ರಲ್ಲಿ ಅಂಬಾಸಿಡರ್ ತಯಾರಿ ನಿಂತಿತು. ಆದರೆ ಆ ಇಂಜಿನಿನಲ್ಲಿ ಕೈ ಪಳಗಿದ ಹಳೆಯ ಮೇಸ್ತ್ರಿಗಳಿಗೆ ಎಂ.ಜಿ.ಬಿ.ಯ ಬಾನೆಟ್ ತೆರೆದರೆ ಪರಕೀಯವೆನಿಸಲಾರದು.

ಎಡಕ್ಕೆ ಸ್ಟಿಯರಿಂಗ್, ಮೂರು ವೈಪರ್

ಹುಡುಗನ ಮೊದಲ ಪ್ರಶ್ನೆಗೆ ಉತ್ತರ ಸುಲಭ. ಅಮೇರಿಕದಲ್ಲಿ ವಾಹನ ಹೋಗುವುದು ರಸ್ತೆಯ ಬಲಬದಿಯಲ್ಲಿ. ಅಲ್ಲಿಗೆಂದು ಮಾಡಿದ ಕಾರಿಗೆ ಸ್ಟಿಯರಿಂಗ್ ಎಡಕ್ಕಿರುತ್ತದೆ. ಎದುರಿನಿಂದ ಬರುವವರ ಕಣ್ಣು ಕುಕ್ಕದಂತೆ ದೀಪದ ಬೆಳಕು ಬಗ್ಗುವ ದಿಕ್ಕೂ ಬೇರೆಯಾಗುತ್ತದೆ.

ಎರಡನೆಯ ಪ್ರಶ್ನೆಗೆ ಕಾನೂನಿನ ಕಡೆಗೆ ನೋಡಬೇಕು. ಮೋಟಾರು ಕಂಪೆನಿಗಳು ಸವಾರರ ಪ್ರಾಣವನ್ನು ಲಘುವಾಗಿ ಕಾಣುತ್ತವೆ ಎಂದು 1965ರಲ್ಲಿ ರಾಲ್ಫ್ ನೇಡರ್ ಎಂಬ ವಕೀಲರು ಅಮೇರಿಕದಲ್ಲಿ ಪುಸ್ತಕ ಬರೆದು ದೊಡ್ಡ ಚರ್ಚೆ ಎಬ್ಬಿಸಿದರು. 1966ರಲ್ಲಿ ಅಲ್ಲಿ ವಾಹನ ಸುರಕ್ಷತೆಯ ಕಾಯಿದೆ ಬಂತು. 1968ರಿಂದ ಹೊಸ ಕಾರುಗಳಿಗೆ ನಿಯಮಗಳು ಜಾರಿಯಾದವು. ಎದುರಿನ ಗಾಜಿನಲ್ಲಿ ಇಂತಿಷ್ಟು ಭಾಗವನ್ನು ವೈಪರ್ ಒರೆಸಲೇಬೇಕು ಎಂಬುದು ಅವುಗಳಲ್ಲಿ ಒಂದು. ಮಾಡಿಲ್ಲದ ಎಂ.ಜಿ.ಬಿ.ಯ ಗಾಜು ಅಗಲ ಹೆಚ್ಚು, ಎತ್ತರ ಕಡಿಮೆ. ಉದ್ದದ ಕಡ್ಡಿ ಹಾಕುವ ಹಾಗಿಲ್ಲ, ಗಿಡ್ಡ ಕಡ್ಡಿ ಎರಡಿದ್ದರೆ ಸಾಲದು. ಆದ್ದರಿಂದ ಮೂರು. ಅದೇ ಕಾರಿನ ಮಾಡಿರುವ 'ಜಿ.ಟಿ.' ಮಾದರಿಗೆ ಗಾಜು ಎತ್ತರವಾದ್ದರಿಂದ ಎರಡೇ ಸಾಕಾಯಿತು. ಎಂದಮೇಲೆ ಮೂರನೆಯ ವೈಪರ್ ಯಾರದೋ ಷೋಕಿಯಲ್ಲ, ಆಬಿಂಗ್ಡನ್ನಿನ ಕೆಲಸಗಾರರೇ ಕಾನೂನಿಗೆ ತಲೆಬಾಗಿ ಜೋಡಿಸಿದ್ದು.

ಡ್ಯಾಶ್‌ಬೋರ್ಡಿನ ಕಥೆಯೂ ಇದೇ. ಬ್ರಿಟನಿನ ಕಾರುಗಳಲ್ಲಿ 1976ರ ತನಕ ಕಪ್ಪು ಬಣ್ಣದ ಲೋಹದ ಡ್ಯಾಶ್‌ಬೋರ್ಡು ಮುಂದುವರಿಯಿತು. ಅಮೇರಿಕಕ್ಕೆ ಹೋಗುವ ಕಾರಿನಲ್ಲಿ ಮಾತ್ರ, ಅಪಘಾತವಾದರೆ ಮಂಡಿ, ಮುಖ ಜಜ್ಜದಿರಲೆಂದು 1968ರ ಮಾದರಿಯಿಂದ ದಪ್ಪ ಮೆತ್ತೆಯ ಡ್ಯಾಶ್‌ಬೋರ್ಡು ಬಂತು. ಅದರಲ್ಲಿ ಸಾಮಾನಿಡುವ ಪೆಟ್ಟಿಗೆಗೆ ಜಾಗವೇ ಇರಲಿಲ್ಲ. ಅಭಿಮಾನಿಗಳು ಅದಕ್ಕೆ ತಮಾಷೆಗೆ 'ಆಬಿಂಗ್ಡನ್ ತಲೆದಿಂಬು' ಎಂದು ಹೆಸರಿಟ್ಟರು. ಪೆಟ್ಟಿಗೆ ಮರಳಿ ಬಂದದ್ದು 1972ರ ಮಾದರಿಯಲ್ಲಿ. ಇನ್ನೂ ಹಲವು ಬದಲಾವಣೆಗಳಾದವು: ಒಂದು ಕೊಳವೆ ಕೆಟ್ಟರೂ ಇನ್ನೊಂದು ಹಿಡಿಯುವ ಜೋಡಿ ಬ್ರೇಕು, ಡಿಕ್ಕಿಯಾದರೆ ಒಳಗೆ ಕುಸಿಯುವ ಸ್ಟಿಯರಿಂಗ್ ದಂಡ, ಆಸನಕ್ಕೆ ತಲೆಯಾಸರೆ, ಪಕ್ಕೆಗಳಲ್ಲಿ ಚಿಕ್ಕ ದೀಪ. ಹೊಗೆ ತಗ್ಗಿಸಲು ಇಂಜಿನಿನ ಮೇಲೆ ಗಾಳಿಯ ಪಂಪು, ಮುಂದೆ ಪೆಟ್ರೋಲಿನ ಆವಿ ಹಿಡಿದಿಡುವ ಇದ್ದಲಿನ ಡಬ್ಬಿ.

ಹುಡುಕುವ ಬಗೆ

ಹಾಗಾದರೆ ಒಂದು ನಿರ್ದಿಷ್ಟ ಕಾರಿನಲ್ಲಿ ಕಾರ್ಖಾನೆಯದು ಯಾವುದು, ಅನಂತರ ಬಂದದ್ದು ಯಾವುದು ಎಂದು ತಿಳಿಯುವುದು ಹೇಗೆ? ನಮ್ಮಲ್ಲಿ ಹಳೆಯ ಜಾಗದ ತಕರಾರು ಬಂದರೆ ಏನು ಮಾಡುತ್ತೇವೆ? ಮೊದಲು ಆಧಾರ ತೆಗೆಸುತ್ತೇವೆ, ಆಮೇಲೆ ಗಡಿಕಲ್ಲು ನೋಡುತ್ತೇವೆ, ಕೊನೆಗೆ ಹಿರಿಯರನ್ನು ಕೇಳುತ್ತೇವೆ. ಇಲ್ಲಿಯೂ ಕ್ರಮ ಅದೇ.

ಮೊದಲನೆಯದು ಕಾರಿನ ಸಂಖ್ಯೆ. ಬಾನೆಟ್ ತೆರೆದರೆ ಒಂದು ಲೋಹದ ತಗಡಿನ ಮೇಲೆ ಅದು ಇರುತ್ತದೆ. ಹುಡುಗನ ಮಾವ ಆ ತಗಡನ್ನು ಒರೆಸಿ ಓದಿ ಕಳಿಸಿದರು: ಆರಂಭದ ಅಕ್ಷರಗಳು ಜಿ.ಎಚ್.ಎನ್. 5 ಯು.ಬಿ. ಇದು ಬಿಡಿಸಬಹುದಾದ ಒಗಟು. 'ಜಿ' ಎಂದರೆ ಎಂ.ಜಿ. 'ಎಚ್' ಎಂದರೆ 1400ರಿಂದ 1999 ಸಿ.ಸಿ.ಯೊಳಗಿನ ಇಂಜಿನು. 'ಎನ್' ಎಂದರೆ ಎರಡು ಆಸನದ ತೆರೆದ ಕಾರು. ಜಿ.ಟಿ. ಆಗಿದ್ದರೆ ಅಲ್ಲಿ 'ಡಿ' ಇರುತ್ತಿತ್ತು. '5' ಎಂಬುದು ಮಾದರಿಯ ಸರಣಿ. 'ಯು' ಎಂದರೆ ಅಮೇರಿಕ ಸಂಯುಕ್ತ ಸಂಸ್ಥಾನ. ಕೊನೆಯ 'ಬಿ' 1971ರ ಮಾದರಿಯ ವರ್ಷಸೂಚಕ. 1970ರದ್ದಾದರೆ 'ಎ'. ಅಷ್ಟು ಹೊತ್ತಿಗೆ ಅರ್ಧ ವಿವಾದ ಮುಗಿದಂತಾಯಿತು. ಕಾರು ಹುಟ್ಟಿದ್ದೇ ಅಮೇರಿಕಕ್ಕೆ.

ಆದರೆ ಸಂಖ್ಯೆಯನ್ನು ಓದುವಾಗ ಎಚ್ಚರ ಬೇಕು. 1971ರ ಮಾದರಿ ಎಂದರೆ 1971ರಲ್ಲಿ ತಯಾರಾದದ್ದು ಎಂದಲ್ಲ. ಹೊಸ ಮಾದರಿಯ ತಯಾರಿ ಹಿಂದಿನ ವರ್ಷದ ಮಳೆಗಾಲ ಕಳೆಯುವಷ್ಟರಲ್ಲಿ ಶುರುವಾಗುತ್ತಿತ್ತು. ಇನ್ನು ಟಿ.ಸಿ. ಮಾದರಿಯ ಸಂಖ್ಯೆಗಳು ಒಂದರಿಂದಲ್ಲ, 251ರಿಂದ ಆರಂಭವಾದವು. ಯಾಕೆಂದರೆ 251 ಆ ಕಾರ್ಖಾನೆಯ ದೂರವಾಣಿ ಸಂಖ್ಯೆ! ಇದು ತಿಳಿಯದೆ ಲೆಕ್ಕ ಹಾಕಿದವನು ತಪ್ಪುತ್ತಾನೆ.

ಎರಡನೆಯದು ಕಾರ್ಖಾನೆಯ ಕಡತ. ಆಬಿಂಗ್ಡನ್ನಿನಲ್ಲಿ ಒಂದೊಂದು ಕಾರು ಹೊರಬಿದ್ದಾಗಲೂ ಗುಮಾಸ್ತರು ಅದರ ವಿವರ ಬರೆದಿಡುತ್ತಿದ್ದರು. ಎಂ.ಜಿ.ಬಿ.ಯ ಆ ದಾಖಲೆಗಳು ಇಂದು ಇಂಗ್ಲೆಂಡಿನ ವಾರಿಕ್‌ಶೈರ್ ಪ್ರಾಂತದ ಗೇಡನ್ ಎಂಬಲ್ಲಿ, ಬ್ರಿಟಿಷ್ ಮೋಟಾರ್ ಮ್ಯೂಸಿಯಂನ ದಾಖಲೆಮನೆಯಲ್ಲಿವೆ. ಕಾರಿನ ಸಂಖ್ಯೆ ಕೊಟ್ಟು, ನಿಗದಿಯಾದ ಶುಲ್ಕ ಕಟ್ಟಿದರೆ ಅವರು ಕಡತ ನೋಡಿ ಒಂದು ಪ್ರಮಾಣಪತ್ರ ಕಳಿಸುತ್ತಾರೆ. ತಯಾರಾದ ದಿನ, ಕಾರ್ಖಾನೆಯಿಂದ ಹೊರಟ ದಿನ, ಯಾವ ದೇಶಕ್ಕೆ, ಇಂಜಿನಿನ ಸಂಖ್ಯೆ, ಮೈಬಣ್ಣ, ಒಳಗಿನ ಹೊದಿಕೆಯ ಬಣ್ಣ, ಗಿರಾಕಿ ಹೆಚ್ಚುವರಿಯಾಗಿ ಕೇಳಿ ಹಾಕಿಸಿಕೊಂಡ ಸಾಮಗ್ರಿ ಮುಂತಾದುವು ಅದರಲ್ಲಿರುತ್ತವೆ. ಆದರೆ ವೈಪರ್ ಎಷ್ಟು ಎಂದು ಅದರಲ್ಲಿ ಬರೆದಿರುವುದಿಲ್ಲ. ಅಮೇರಿಕದ ಎಲ್ಲ ಕಾರುಗಳಿಗೂ ಸಾಮಾನ್ಯವಾದದ್ದನ್ನು ಗುಮಾಸ್ತರು ಒಂದೊಂದಾಗಿ ಯಾಕೆ ಬರೆದಾರು?

ಆ ಕೊರತೆ ತುಂಬುವುದು ಮೂರನೆಯದಾದ ಬಿಡಿಭಾಗಗಳ ಕ್ಯಾಟಲಾಗು. ದುರಸ್ತಿಯವರಿಗೆಂದು ಕಂಪೆನಿ ಅಚ್ಚುಹಾಕಿಸಿದ ಈ ದಪ್ಪ ಪುಸ್ತಕದಲ್ಲಿ ಯಾವ ಭಾಗ ಯಾವ ದೇಶದ ಕಾರಿಗೆ, ಯಾವ ಸಂಖ್ಯೆಯ ಕಾರಿನಿಂದ ಯಾವ ಸಂಖ್ಯೆಯ ತನಕ ಎಂದು ನಮೂದಿಸಿರುತ್ತದೆ. ಮಾರಾಟದ ಚೆಂದದ ಚಿತ್ರಪುಸ್ತಿಕೆಗಿಂತ ಇದು ಹೆಚ್ಚು ನಂಬಿಕೆಗೆ ಯೋಗ್ಯ. ಚಿತ್ರಪುಸ್ತಿಕೆ ಗಿರಾಕಿಯ ಕಣ್ಣಿಗೆ, ಕ್ಯಾಟಲಾಗು ಮೇಸ್ತ್ರಿಯ ಕೈಗೆ.

ನಾಲ್ಕನೆಯದು ಕಾರಿನ ಮೈಯ ಮೇಲಿನ ಕುರುಹು. ಇಲ್ಲಿ ಮಾವನ ಅನುಭವವೇ ದೊಡ್ಡದು. ಅವರು ಗಾಜಿನ ಬುಡದ ತಗಡನ್ನು ಪರೀಕ್ಷಿಸಿದರು. ವೈಪರ್ ಕೂರುವ ಮೂರು ತೂತುಗಳ ಅಂಚೂ ಒಂದೇ ಅಂದ, ಕೈಯಿಂದ ಡ್ರಿಲ್ ಮಾಡಿದ ಗೀರಿಲ್ಲ, ಮೂರರ ಒಳ ಅಂಚಿನಲ್ಲಿಯೂ ತೀರ ಅಡಿಯ ಬಣ್ಣ ಒಂದೇ. ಆ ಬಣ್ಣ ಕೆಂಪಲ್ಲ, ಗಾಢ ಹಸಿರು! ಡ್ಯಾಶ್‌ಬೋರ್ಡಿನ ಹಿಂದೆಯೂ ಅದೇ ಹಸಿರು. ಇಂಜಿನಿನ ಮೇಲೆ ಗಾಳಿಯ ಪಂಪು ಇರಲಿಲ್ಲ. ಆದರೆ ಸಿಲಿಂಡರ್ ಹೆಡ್ಡಿನಲ್ಲಿ ನಾಲ್ಕು ತೂತುಗಳಿಗೆ ಬೋಲ್ಟು ಬಿಗಿದು ಮುಚ್ಚಲಾಗಿತ್ತು. ಆ ತೂತುಗಳು ಪಂಪಿನ ಗಾಳಿ ಒಳಹೋಗುವ ದಾರಿ. ಇಂಜಿನಿನ ಶಕ್ತಿ ಹೆಚ್ಚಲೆಂದು ಹಿಂದಿನ ಯಾರೋ ಪಂಪು ಕಳಚಿ ಎಸೆದಿದ್ದರು. ಅಮೇರಿಕದಲ್ಲಿ ಇದು ಸಾಮಾನ್ಯವಾಗಿ ನಡೆದ ಸಂಗತಿ. ಅಂದರೆ ಕಾರಿಗೆ ಅನ್ಯಾಯವಾದದ್ದು ನಿಜವೇ. ಆದರೆ ಪರಿಚಯದವರು ಹೇಳಿದ್ದಕ್ಕೆ ನೇರ ವಿರುದ್ಧವಾಗಿ. ಮೂರನೆಯ ವೈಪರ್ ಅಸಲಿ, ಕೆಂಪು ಬಣ್ಣ ನಡುವೆ ಬಂದದ್ದು, ಪಂಪು ಇಲ್ಲದಿರುವುದೇ ಕೊರತೆ.

ಐದನೆಯದು ಜನರ ನೆನಪು. ಮೊದಲ ಯಜಮಾನ, ಅವನ ಮನೆಯ ಹಳೆಯ ಫೋಟೊ, ಅಂದಿನ ಬಿಲ್ಲು ಸಿಕ್ಕಿದರೆ ಭಾಗ್ಯ. ಹಿಂದುಗಡೆಯ ಸಾಮಾನಿನ ಸರಳು, ರೇಡಿಯೊ ಮೊದಲಾದವನ್ನು ಅನೇಕ ವೇಳೆ ಅಮೇರಿಕದ ಮಾರಾಟಗಾರರೇ ಹಾಕಿಕೊಡುತ್ತಿದ್ದರು. ಕಾರ್ಖಾನೆಯ ಕಡತದಲ್ಲಿ ಅವು ಇಲ್ಲದ ಮಾತ್ರಕ್ಕೆ ನಿನ್ನೆ ಮೊನ್ನೆಯವು ಎನ್ನುವಂತಿಲ್ಲ. ಅವು ಕಾರ್ಖಾನೆಯವಲ್ಲ, ಆದರೆ ಕಾರಿನ ಮೊದಲ ದಿನದವು. ಈ ಭೇದವನ್ನು ಬರೆದಿಡಬೇಕು.

ಊಹೆ ಎಡವುವ ಜಾಗ

ಒಂದು ಸೂತ್ರ ಕಲಿತು ಎಲ್ಲದಕ್ಕೂ ಅನ್ವಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ಟಿ.ಸಿ. ಉದಾಹರಣೆ. ಅಮೇರಿಕಕ್ಕೆ ಹೋದ ಕಾರಾದರೆ ಸ್ಟಿಯರಿಂಗ್ ಎಡಕ್ಕಿರಬೇಕು ಎಂದು ಈಗ ಎಲ್ಲರೂ ಹೇಳಿಯಾರು. ಆದರೆ ಟಿ.ಸಿ.ಯನ್ನು ಎಡ ಸ್ಟಿಯರಿಂಗಿನೊಂದಿಗೆ ಕಾರ್ಖಾನೆ ಮಾಡಲೇ ಇಲ್ಲ. ಅಮೇರಿಕದವರು ಬಲ ಸ್ಟಿಯರಿಂಗಿನ ಕಾರನ್ನೇ ಕೊಂಡು ಸಂತೋಷದಿಂದ ಓಡಿಸಿದರು. 1948ರ ಕೊನೆಯಿಂದ ಅಮೇರಿಕಕ್ಕೆಂದು ಒಂದಷ್ಟು ಟಿ.ಸಿ. ಕಾರುಗಳನ್ನು ವಿಶೇಷವಾಗಿ ಸಜ್ಜುಗೊಳಿಸಿದರು. ಹಿಂದೆ ಮುಂದೆ ಬಂಪರ್, ತಿರುವು ತೋರಿಸುವ ಮಿನುಗು ದೀಪ, ಬೇರೆ ಬಗೆಯ ಹಾರನ್ನು ಬಂದವು, ಆದರೆ ಸ್ಟಿಯರಿಂಗ್ ಬಲಕ್ಕೇ ಉಳಿಯಿತು. ಎಡಕ್ಕೆ ಬಂದದ್ದು ಮುಂದಿನ ಟಿ.ಡಿ.ಯಲ್ಲಿ. ಹೀಗೆ ಒಂದು ಮಾದರಿಯಲ್ಲಿ ಅಸಲಿಯ ಗುರುತಾದದ್ದು ಇನ್ನೊಂದರಲ್ಲಿ ನಕಲಿಯ ಗುರುತಾಗುತ್ತದೆ.

ಇನ್ನೊಂದು ವಿಚಿತ್ರವುಂಟು. ಅಮೇರಿಕದ ಬಂಪರ್ ಕಾನೂನಿಗಾಗಿ 1974ರ ಉತ್ತರಾರ್ಧದಲ್ಲಿ ಎಂ.ಜಿ.ಬಿ.ಗೆ ದೊಡ್ಡ ಕಪ್ಪು ರಬ್ಬರಿನ ಬಂಪರ್ ಬಂತು, ಕಾರಿನ ಮೈಯನ್ನೂ ನೆಲದಿಂದ ಎತ್ತರಿಸಲಾಯಿತು. ಆದರೆ ಈ ಸಲ ಎರಡು ಬಗೆ ಮಾಡುವ ಗೋಜಿಗೆ ಕಂಪೆನಿ ಹೋಗದೆ ಬ್ರಿಟನಿನವರಿಗೂ ಅದನ್ನೇ ಕೊಟ್ಟಿತು. ಪರದೇಶದ ಕಾನೂನು ಸ್ವದೇಶದ ಕಾರಿನ ಮುಖವನ್ನೇ ಬದಲಿಸಿತು. ಆದರೆ ಇಂಜಿನಿನಲ್ಲಿ ಭೇದ ಉಳಿಯಿತು. 1975ರ ಮಾದರಿಯಿಂದ ಅಮೇರಿಕದ ಕಾರಿಗೆ ಒಂದೇ ಕಾರ್ಬುರೇಟರ್, ಬ್ರಿಟನಿನದಕ್ಕೆ ಹಿಂದಿನಂತೆ ಎರಡು. ಆದ್ದರಿಂದ ಬಂಪರ್ ನೋಡಿ ದೇಶ ಹೇಳಲಾಗದು, ಬಾನೆಟ್ ತೆರೆಯಬೇಕು.

ಕಳೆದುಹೋಗುವುದೇನು?

ಇಷ್ಟೆಲ್ಲ ಒಂದು ಕಾರಿನ ವೈಪರಿಗಾಗಿ ಬೇಕೇ ಎಂದು ಯಾರಾದರೂ ಕೇಳಿಯಾರು. ಮೊದಲನೆಯದಾಗಿ ಹಣದ ಮಾತು. ಅಸಲಿ ಎಂದು ಬೆಲೆ ತೆತ್ತವನಿಗೆ ಅಸಲಿಯೇ ಸಿಗಬೇಕು. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದುಂಟು.

ಕ್ಯಾಲಿಫೋರ್ನಿಯ, ಅರಿಜೋನದಂಥ ಒಣ ಸೀಮೆಯಲ್ಲಿ ಕಾರಿಗೆ ತುಕ್ಕು ಹಿಡಿಯುವುದು ಕಡಿಮೆ. ಆದ್ದರಿಂದ ಒಂದು ಕಾಲಕ್ಕೆ ಹೋದ ಕಾರುಗಳು ದೊಡ್ಡ ಸಂಖ್ಯೆಯಲ್ಲಿ ಬ್ರಿಟನಿಗೆ ಮರಳಿದವು. ಮರಳಿದ್ದೇ ತಡ, ಸ್ಟಿಯರಿಂಗ್ ಬಲಕ್ಕೆ, ಮೆತ್ತೆಯ ಡ್ಯಾಶ್‌ಬೋರ್ಡು ಕಸದ ತೊಟ್ಟಿಗೆ, ಪಂಪು ಗುಜರಿಗೆ. ಊರ ಕಾರಿನಂತೆ ಕಾಣಲೆಂದು ಅದರ ಪರದೇಶವಾಸದ ಗುರುತುಗಳನ್ನೆಲ್ಲ ಅಳಿಸಿದರು. ಮಾಡಿಸಿಕೊಂಡವರಿಗೆ ದುರುದ್ದೇಶವಿರಲಿಲ್ಲ, ತಮ್ಮ ರಸ್ತೆಗೆ ಅನುಕೂಲವಾಗಲೆಂದು ಮಾಡಿಸಿದರು. ಆದರೆ ಹೀಗೆ ಎಸೆಯುತ್ತ ಹೋದುದರ ಫಲವಾಗಿ, ಒಮ್ಮೆ ಯಾರಿಗೂ ಬೇಡವಾಗಿದ್ದ ಆ ಪಂಪು, ಆ ಡಬ್ಬಿ, ಆ ಮೆತ್ತೆಗಳನ್ನು ಸರಿಯಾಗಿ ಮರುಜೋಡಿಸುವವರು ಇಂದು ಹುಡುಕಿ ಹೈರಾಣಾಗುತ್ತಿದ್ದಾರೆ. 1988ರಿಂದ ಬ್ರಿಟನಿನಲ್ಲಿ ಹಳೆಯ ಅಚ್ಚುಗಳಿಂದಲೇ ಎಂ.ಜಿ.ಬಿ.ಯ ಹೊಸ ಮೈಯನ್ನು ಮಾಡಿ ಮಾರುತ್ತಿದ್ದಾರೆ. ಮೈ ಹೊಸದು ಸಿಕ್ಕೀತು. ಆದರೆ ಹಳೆಯ ಮೈಯಲ್ಲಿದ್ದ ತೂತು, ಅಡಿಬಣ್ಣ ಹೇಳುತ್ತಿದ್ದ ಸಾಕ್ಷ್ಯ ಎಲ್ಲಿ ಸಿಗುತ್ತದೆ?

ಬ್ರಿಟನಿನ ರಸ್ತೆಯಲ್ಲಿ ಓಡಿದ ಎಂ.ಜಿ.ಬಿ. ಮಾತ್ರ ಅಸಲಿ, ಅಮೇರಿಕದ್ದು ಅದರ ಕೆಟ್ಟ ರೂಪ ಎಂಬ ಎಣಿಕೆಯೇ ತಪ್ಪು. ಎರಡನ್ನೂ ಜೋಡಿಸಿದ ಕೈ ಒಂದೇ, ಹೊರಬಿದ್ದ ಬಾಗಿಲು ಒಂದೇ. ಮಾಡಿದ್ದರಲ್ಲಿ ಹೆಚ್ಚಿನವು ಕಡಲು ದಾಟಿದವುಗಳೇ ಆಗಿರುವಾಗ ಅವುಗಳನ್ನು ಅಪವಾದ ಎನ್ನುವುದಾದರೂ ಹೇಗೆ? ತಾನು ಹೋಗಬೇಕಾದ ನಾಡಿನ ರೀತಿಗೆ ತಕ್ಕಂತೆ ಹುಟ್ಟಿದ್ದೇ ಅದರ ಅಸಲಿತನ.

ಹುಡುಗನ ಮಾವ ಈ ಎಲ್ಲವನ್ನೂ ಯಜಮಾನನ ಮುಂದಿಟ್ಟರು. ಗೇಡನ್‌ನಿಂದ ಪತ್ರವೂ ಬಂತು. 1970ರ ಕೊನೆಯ ಭಾಗದಲ್ಲಿ ತಯಾರಾದದ್ದು, ಎಡ ಸ್ಟಿಯರಿಂಗ್, ಅಮೇರಿಕಕ್ಕೆ, ಬಣ್ಣ ಹಸಿರು. ಮೂರು ವೈಪರಿಗೂ ತಲೆದಿಂಬಿಗೂ ಜೀವದಾನವಾಯಿತು. ಪಂಪಿಗಾಗಿ ಅಮೇರಿಕಕ್ಕೆ ಬರೆದಿದ್ದಾರೆ. ಬಣ್ಣದ ವಿಷಯದಲ್ಲಿ ಯಜಮಾನ ಇನ್ನೂ ಮನಸ್ಸು ಮಾಡಿಲ್ಲವಂತೆ. ಅವನಿಗೆ ಕೆಂಪೇ ಇಷ್ಟ. ಅದು ಅವನ ಕಾರು, ಅವನಿಷ್ಟ. ಆದರೆ ಗಾಜಿನ ಬುಡದಲ್ಲಿ ಒಂದಿಷ್ಟು ಹಸಿರನ್ನು ಉಜ್ಜದೆ ಹಾಗೆಯೇ ಬಿಡಲು ಒಪ್ಪಿದ್ದಾನೆ.

ಮಾವ ಅಳಿಯನಿಗೆ ಹೇಳಿಕಳಿಸಿದ ಮಾತೊಂದನ್ನು ನಾನು ಮರುದಿನ ತರಗತಿಯ ಹಲಗೆಯ ಮೇಲೆ ಬರೆಸಿದೆ. ಅದು ಕಾರಿಗೆ ಮಾತ್ರ ಸಲ್ಲುವ ಮಾತಲ್ಲವೆಂದು ಕಂಡಿತು: "ಕಳಚುವ ಮೊದಲು ಫೋಟೊ ತೆಗೆ. ಕಳಚಿದ್ದನ್ನು ಎಸೆಯಬೇಡ. ಗೊತ್ತಿಲ್ಲದ್ದನ್ನು ಮುಟ್ಟುವ ಮೊದಲು ಯಾರು, ಯಾಕೆ ಹಾಕಿದರೆಂದು ಕೇಳು."